ಕಣಗಿನಹಾಳದ ಸಂಘ, ನಮ್ಮ ಅವ್ವನ ಗುಂಪು

ಹೋದ ವರ್ಷ ನಮ್ಮ ಓಣಿಯ ಮನೆಯೊಂದಕ್ಕೆ ರಾತ್ರೋರಾತ್ರಿ ಬೀಗ ಬಿತ್ತು. ಆ ಮನೆಯಾಕೆ ಅವ್ವನ ಸಾಲದ ಗುಂಪಿನಲ್ಲಿದ್ದರು. ಅವರ ವಾರದ ಕಂತನ್ನು ಉಳಿದ ಮನೆಗಳು ಹಂಚಿಕೊಂಡು ಕಟ್ಟಬೇಕಾಯಿತು. ಅವ್ವ ಗೊಣಗುತ್ತಿದ್ದಾಗ ನನಗೆ ನೆನಪಾದದ್ದು ಗದಗದ ಹತ್ತಿರದ ಕಣಗಿನಹಾಳ. 1905ರಲ್ಲಿ ಅಲ್ಲಿಯೂ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗಿದ್ದರು. ಆದರೆ ಒಂದು ವ್ಯತ್ಯಾಸವಿತ್ತು.

ಮೊದಲು ಹಿಂದಿನ ಕತೆ. ಆಗ ಧಾರವಾಡ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಇಲ್ಲಿನ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಸಾವ್ಕಾರರು ಧಾರಾಳವಾಗಿ ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಉಳಿಯಿತು. ಮಳೆ ಬರಲಿ ಬಿಡಲಿ, ಕಂದಾಯವನ್ನು ನಗದಾಗಿಯೇ ಕಟ್ಟಬೇಕು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವ್ಕಾರರ ಮೇಲೆ ತಿರುಗಿಬಿದ್ದರು. ದಂಗೆ ಅಹಮದ್‌ನಗರದ ಕಡೆಗೂ ಹಬ್ಬಿತು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು.

1879ರಲ್ಲಿ ಅಲ್ಲಿನ ರೈತರಿಗಾಗಿ ಕಾನೂನು ಬಂತು. ಪತ್ರದಲ್ಲಿ ಬರೆದದ್ದನ್ನಷ್ಟೇ ನಂಬದೆ, ಹಳೆಯ ಲೆಕ್ಕವನ್ನೂ ಕೋರ್ಟು ಕೆದಕಿ ನೋಡಬಹುದಾಯಿತು. ಒಳ್ಳೆಯದೇ. ಆದರೆ ಬಿತ್ತನೆ ಹೊತ್ತಿಗೆ ರೊಕ್ಕ ಬೇಕೆಂದರೆ ಮತ್ತೆ ಅದೇ ಸಾವ್ಕಾರನ ಬಾಗಿಲು.

ಬೇರೆ ದಾರಿ ಹುಡುಕಲು ಹೋದವರು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬವರು ಕಟ್ಟಿದ್ದ ಸಾಲದ ಸಂಘಗಳ ಬಗ್ಗೆ ಅವರು 1895ರಲ್ಲಿ ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕಣಗಿನಹಾಳದ ಸಂಘ ಹುಟ್ಟಿತು.

ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಹಳ್ಳಿ ಸಂಘಗಳ ನಿಯಮ. ಹತ್ತು ಜನ ಸೇರಿದರೆ ಸಂಘ. ಸದಸ್ಯರ ಹೊಣೆಗೆ ಮಿತಿಯಿಲ್ಲ, ಅಂದರೆ ಸಂಘ ಮುಳುಗಿದರೆ ನಿಮ್ಮ ಹೊಲವೂ ಹೋಗಬಹುದು. ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ಆ ಹೆದರಿಕೆಯೇ ಅದರ ಬಲ. ಸಾಲ ಕೇಳಿದವನ ಎತ್ತು, ಹೊಲ, ಕುಡಿತ, ಮಗಳ ಮದುವೆಯ ಅಂದಾಜು, ಎಲ್ಲವೂ ಬಲ್ಲ ನೆರೆಯವರೇ ‘ಯಾಕೆ ಬೇಕು, ಎಷ್ಟು ಬೇಕು’ ಎಂದು ಕೇಳುತ್ತಾರೆ, ಬೇಡವೆಂದೂ ಹೇಳುತ್ತಾರೆ. ಲಾಭ ಬಂದರೆ ಅದು ಸಂಘದ ನಿಧಿಗೇ ಸೇರುತ್ತದೆ.

ಇದರಿಂದ ಸಾವ್ಕಾರಿಕೆ ಮುಗಿಯಿತೆಂದಲ್ಲ. 1951-52ರಲ್ಲಿ ರಿಸರ್ವ್ ಬ್ಯಾಂಕ್ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿತು. ರೈತರು ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ 3 ರೂಪಾಯಿಯಷ್ಟು. ಸುಮಾರು 70 ರೂಪಾಯಿ ಬಡ್ಡಿ ವ್ಯವಹಾರದವರದು. ಹೊಲವಿಲ್ಲದವರಿಗೆ, ಹೆಂಗಸರಿಗೆ ಸಂಘದ ಬಾಗಿಲು ದೂರವೇ ಇತ್ತು.

ಈಗ ಹೆಂಗಸರ ಮನೆ ಬಾಗಿಲಿಗೇ ಸಾಲ ಬರುತ್ತದೆ. ಹೊಣೆ ನೆರೆಯವರದೇ, ಆದರೆ ರೊಕ್ಕ ಹೊರಗಿನವರದು, ಲಾಭವೂ ಅವರದೇ. ಬೆದರಿಸಿ ವಸೂಲಿ ಮಾಡುವುದರ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಆದರೆ ಅವ್ವನ ಗುಂಪಿನಲ್ಲಿ ‘ಯಾಕೆ ಬೇಕು’ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ಆಧಾರ್ ಕಾರ್ಡು, ಫೋಟೊ, ಸಹಿ, ಅಷ್ಟೇ.

ಮೊನ್ನೆ ಗುಂಪಿನ ಒಬ್ಬಾಕೆ ಮಗಳ ಕುಬಸಕ್ಕೆಂದು ನಲವತ್ತು ಸಾವಿರ ಸಾಲಕ್ಕೆ ಸಹಿ ಕೇಳಲು ಬಂದರು. ಅವ್ವ ಚಹಾ ಕೊಟ್ಟು, ನನ್ನ ಹಳೆ ನೋಟ್‌ಬುಕ್ ತೆಗೆದು, ‘ಬಾ ತಂಗಿ, ಕೂಡು, ಏನೇನು ಖರ್ಚು ಹೇಳು’ ಅಂದಳು. ಪೆಂಡಾಲು ಹೋಯಿತು, ಫೋಟೊದವನೂ ಹೋದ. ಹದಿನೆಂಟು ಸಾವಿರಕ್ಕೆ ಬಂದಾಗ ಅವ್ವ ಸಹಿ ಹಾಕಿದಳು. ಆಕೆ ಮುಖ ಸಣ್ಣದು ಮಾಡಿಕೊಂಡೇ ಹೋದರು.