ಒಂದು ಚಿತ್ರ, ಎರಡು ನುಡಿ

ಕಾಖಂಡಕಿಯಿರುವ ವಿಜಯಪುರ, ಅಂದಿನ ಬಿಜಾಪುರ, ಜಿಲ್ಲೆಯ ದೂರದರ್ಶನದ ಇತಿಹಾಸವನ್ನು ನಾವು 1975ರ ಆಗಸ್ಟ್ 1ರಿಂದ ಗಣಿಸುವುದು ಯುಕ್ತ. ಅಂದು ಆರಂಭವಾದ ‘ಸೈಟ್’ ಎಂಬ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಒಳಪಟ್ಟಿದ್ದವು; ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಅಹಮದಾಬಾದಿನ ಭೂಕೇಂದ್ರದಿಂದ ಅಮೆರಿಕದ ಎಟಿಎಸ್-6 ಉಪಗ್ರಹಕ್ಕೇರಿ ಮರಳಿದ ಸಂಕೇತವನ್ನು ಹಳ್ಳಿಯ ಮೂರು ಮೀಟರ್ ವ್ಯಾಸದ ತಂತಿಬಲೆಯ ಆಂಟೆನಾ ನೇರವಾಗಿ ಗ್ರಹಿಸುತ್ತಿತ್ತು.

ಒಂದು ಚಿತ್ರಸಂಕೇತದೊಡನೆ ಎರಡು ಧ್ವನಿಸಂಕೇತಗಳನ್ನು ಜೋಡಿಸುವ ಏರ್ಪಾಡಿದ್ದುದರಿಂದ, ಒಂದೇ ಚಿತ್ರಕ್ಕೆ ಕರ್ನಾಟಕದ ಹಳ್ಳಿಗಳು ಕನ್ನಡವನ್ನೂ ಆಂಧ್ರದ ಹಳ್ಳಿಗಳು ತೆಲುಗನ್ನೂ ಕೇಳಿದವು. ಈ ಮಿತವ್ಯಯಕ್ಕೆ ಒಂದು ಮಿತಿಯೂ ಇತ್ತು: ಮಾತನಾಡುವವನ ತುಟಿಗಳು ಎರಡು ನುಡಿಗಳಿಗೂ ಏಕಕಾಲಕ್ಕೆ ಹೊಂದಲಾರವು. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಹಳ್ಳಿಗೆ ತನ್ನ ನುಡಿ ಹೇಗೆ ಮುಟ್ಟಿತೆಂಬುದನ್ನು ಅರಿಯಬೇಕಾದರೆ, ಕಾರ್ಯಕ್ರಮಗಳೊಡನೆ ಸಂಕೇತಗಳ ಜೋಡಣೆಯನ್ನೂ ಇತಿಹಾಸಕಾರನು ಪರಿಶೀಲಿಸಬೇಕೆಂಬುದು ನಮ್ಮ ಮತ.