ಹಡಗಿನ ಹೊರೆಯಲ್ಲಿ ಮನುಷ್ಯರು

ಬಂದರಿನ ಕಡೆಯವರಾದರೆ 'ಡೆಡ್‌ವೇಯ್ಟ್' ಎಂಬ ಮಾತು ನಿಮಗೆ ಗೊತ್ತಿರಬಹುದು. ಸರಕು, ಇಂಧನ, ನೀರು, ಸಿಬ್ಬಂದಿ ಎಲ್ಲ ಸೇರಿ ಒಂದು ಹಡಗು ಹೊರಬಲ್ಲ ಭಾರವದು. ಆ ಲೆಕ್ಕದಲ್ಲಿ ಒಂದು ಕಾಲಕ್ಕೆ ಮನುಷ್ಯರೂ ಸರಕಾಗಿದ್ದರು. 1781ರಲ್ಲಿ ಜಾಂಗ್ ಎಂಬ ಬ್ರಿಟಿಷ್ ಹಡಗಿನವರು ಸುಮಾರು 130 ಆಫ್ರಿಕನ್ ಗುಲಾಮರನ್ನು ಜೀವಂತವಾಗಿ ಕಡಲಿಗೆಸೆದರು. ಮಾಲೀಕರು ಕೇಳಿದ್ದೇನು ಗೊತ್ತೇ? ನಷ್ಟವಾದ ಸರಕಿಗೆ ವಿಮೆಯ ಹಣ! 1783ರಲ್ಲಿ ಜ್ಯೂರಿ ಅವರ ಪರವಾಗಿಯೇ ತೀರ್ಪಿತ್ತಿತು. ಆಮೇಲೆ ಮರುವಿಚಾರಣೆಗೆ ಆದೇಶವಾಯಿತು. ಕೊಲೆಯೆಂದು ಮಾತ್ರ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಬ್ರಿಟನ್ನಿನ ಕಪ್ಪು ಜನಾಂಗದ ಶಿಲ್ಪಿ ಡೊಮಿನಿಕ್ ವೈಟ್ 2024ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ ಶಿಲ್ಪಗಳ ಹೆಸರೂ 'ಡೆಡ್‌ವೇಯ್ಟ್'. ಕಬ್ಬಿಣ, ಕತ್ತಾಳೆ ನಾರು, ತೇಲಿಬಂದ ಮರ ಆಕೆಯ ಸಾಮಗ್ರಿ. ಅವನ್ನು ಆಕೆ ಮೊದಲು ಮೆಡಿಟರೇನಿಯನ್ ಕಡಲಲ್ಲಿ ಮುಳುಗಿಸಿಟ್ಟಿದ್ದರು. ಅದರ ಮೇಲಿನ ತುಕ್ಕು ಕಡಲಿನದೇ ಕೈಕೆಲಸ.