ಸಮತಾಪ ರೇಖೆಯ ತಿರುವು: ಸಿಲಿಕಲೈಟ್‌ನೊಳಗೆ ಆಲ್ಕೇನ್ ಅಣುಗಳ ನೆಲೆ

ಝಿಯೊಲೈಟ್‌ನ ರಂಧ್ರಗಳಲ್ಲಿ ಎಷ್ಟು ಹೈಡ್ರೋಕಾರ್ಬನ್ ಸೇರಿಕೊಂಡಿದೆ ಎಂಬುದನ್ನು ಪ್ರಯೋಗಾಲಯದ ತಕ್ಕಡಿ ಹೇಳುತ್ತದೆ. ಸೇರಿದ ಅಣುಗಳು ಎಲ್ಲಿ ನೆಲೆಸಿವೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅಣುಮಟ್ಟದ ಸಿಮ್ಯುಲೇಶನ್ ಅಧಿಶೋಷಣೆಯ ಅಧ್ಯಯನಕ್ಕೆ ಕೊಟ್ಟ ದೊಡ್ಡ ಕೊಡುಗೆ ಈ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು. ಅಳೆದ ಸಮತಾಪ ರೇಖೆಯ (ಸ್ಥಿರ ತಾಪಮಾನದಲ್ಲಿ ಒತ್ತಡಕ್ಕೆ ತಕ್ಕಂತೆ ಸೇರುವ ಪ್ರಮಾಣವನ್ನು ತೋರುವ ಗೆರೆಯ) ಮೇಲೆ ಲೆಕ್ಕದ ರೇಖೆ ಕೂತಿತೆಂದು ಸಮಾಧಾನಪಡುವ ಪ್ರಬಂಧಗಳು ಅರ್ಧ ಕೆಲಸವನ್ನಷ್ಟೇ ಮಾಡಿವೆ.

1978ರಲ್ಲಿ ವರದಿಯಾದ ಸಿಲಿಕಲೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಝಡ್‌ಎಸ್‌ಎಂ-5 ಎಂಬ ಝಿಯೊಲೈಟ್‌ನ ಚೌಕಟ್ಟೇ ಇದಕ್ಕೂ ಇದೆ, ಅಲ್ಯೂಮಿನಿಯಂ ಮಾತ್ರ ಇಲ್ಲ. ನೇರ ನಾಲೆಗಳನ್ನು ಅಂಕುಡೊಂಕು ನಾಲೆಗಳು ಅಡ್ಡಹಾಯುತ್ತವೆ. ಎರಡರ ಅಗಲವೂ ಸುಮಾರು 5.5 ಆಂಗ್‌ಸ್ಟ್ರಾಮ್, ಅವು ಕೂಡುವ ಸಂಧಿಗಳು ಇನ್ನೂ ವಿಶಾಲ. 96 ಸಿಲಿಕಾನ್, 192 ಆಮ್ಲಜನಕ ಪರಮಾಣುಗಳ ಒಂದು ಏಕಕ ಕೋಶದಲ್ಲಿ ಇಂಥ ಸಂಧಿಗಳು ನಾಲ್ಕು.

ಇಷ್ಟು ಇಕ್ಕಟ್ಟಿನಲ್ಲಿ ಇಡೀ ಹೆಕ್ಸೇನ್ ಅಣುವನ್ನು ಯಾದೃಚ್ಛಿಕವಾಗಿ ಇರಿಸಹೋದರೆ ಅದು ಹೆಚ್ಚುಕಡಿಮೆ ಪ್ರತಿಸಲವೂ ಗೋಡೆಗೆ ತಾಗುತ್ತದೆ. ಸೀಪ್‌ಮನ್ ಮತ್ತು ಫ್ರೆಂಕೆಲ್ 1992ರಲ್ಲಿ ರೂಪಿಸಿದ ಮಾಂಟೆ ಕಾರ್ಲೊ ವಿಧಾನ ಈ ತೊಡಕನ್ನು ಬಿಡಿಸಿತು. ಸಿಎಚ್2, ಸಿಎಚ್3 ಗುಂಪುಗಳನ್ನು ಒಂದೊಂದು ಮಣಿಯೆಂದು ಎಣಿಸಿ, ಅಣುವನ್ನು ಮಣಿಮಣಿಯಾಗಿ ಬೆಳೆಸಬೇಕು. ಪ್ರತಿ ಹೆಜ್ಜೆಗೂ ಹಲವು ದಿಕ್ಕುಗಳನ್ನು ಪರೀಕ್ಷಿಸಿ, ಶಕ್ತಿ ಕಡಿಮೆಯಿರುವ ದಿಕ್ಕಿಗೆ ಹೆಚ್ಚು ಅವಕಾಶ ಕೊಡಬೇಕು. ಹೀಗೆ ನುಸುಳಿದ ಪಕ್ಷಪಾತವನ್ನು ಕೊನೆಯಲ್ಲಿ, ಅಣುವನ್ನು ಒಪ್ಪುವ ನಿಯಮದಲ್ಲೇ ಕಳೆಯಲಾಗುತ್ತದೆ.

ಈ ವಿಧಾನದಿಂದ ಸಿಕ್ಕ ಚಿತ್ರಗಳು ಕುತೂಹಲಕರ. ಕವಲುಳ್ಳ ಐಸೊಬ್ಯುಟೇನ್‌ಗೆ ಸಂಧಿಗಳೇ ಇಷ್ಟ. ಕೋಶಕ್ಕೆ ನಾಲ್ಕು ಅಣುಗಳಾದ ಮೇಲೆ ಐದನೆಯದನ್ನು ನಾಲೆಯೊಳಕ್ಕೆ ತಳ್ಳಲು ಒತ್ತಡವನ್ನು ಬಹಳ ಏರಿಸಬೇಕು; ಸಮತಾಪ ರೇಖೆ ಅಲ್ಲಿ ತಿರುಗುತ್ತದೆ. ನೇರ ಸರಪಣಿಯ ಬ್ಯುಟೇನ್‌ಗೆ ಈ ಹಂಗಿಲ್ಲ. ಹೆಕ್ಸೇನ್, ಹೆಪ್ಟೇನ್‌ಗಳ ಸಂಗತಿ ಬೇರೆ: ಅವುಗಳ ಉದ್ದ ಅಂಕುಡೊಂಕು ನಾಲೆಯ ಒಂದು ಆವರ್ತಕ್ಕೆ ಸಮೀಪದ್ದು. ಒತ್ತಡ ಏರಿದಂತೆ ಅವು ಆ ನಾಲೆಯಲ್ಲಿ ‘ಹೆಪ್ಪುಗಟ್ಟಿ’, ನೇರ ನಾಲೆಯನ್ನು ಉಳಿದವುಗಳಿಗೆ ಬಿಟ್ಟುಕೊಡುತ್ತವೆ ಎಂದು ಸ್ಮಿಟ್ ಮತ್ತು ಮೇಸನ್ 1995ರಲ್ಲಿ ತೋರಿಸಿದರು. ಹೆಕ್ಸೇನ್ ಜೊತೆ 3-ಮೀಥೈಲ್‌ಪೆಂಟೇನ್ ಬೆರೆತಿದ್ದರೆ, ಕೋಶಕ್ಕೆ ನಾಲ್ಕು ಅಣುಗಳು ದಾಟಿದ ಬಳಿಕ ಕವಲುಳ್ಳದ್ದು ಹೊರಬೀಳತೊಡಗುತ್ತದೆ. ಒತ್ತಾಗಿ ಜೋಡಣೆಗೊಳ್ಳಬಲ್ಲ ಹೆಕ್ಸೇನ್‌ಗೆ ಎಂಟ್ರೊಪಿಯ ಬೆಂಬಲವಿದೆ. ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಏರಿಸಲು ನೇರ ಸರಪಣಿಗಳನ್ನು ಬೇರ್ಪಡಿಸುವವರಿಗೆ ಇದು ನೇರವಾಗಿ ಉಪಯುಕ್ತ.

ತಿರುವಿನ ಮಹತ್ವ ಇಷ್ಟಕ್ಕೇ ಮುಗಿಯದು. ಲೆಕ್ಕದ ಬುಡದಲ್ಲಿರುವುದು ಬಲಕ್ಷೇತ್ರ, ಅಂದರೆ ಮಣಿಗೂ ಆಮ್ಲಜನಕಕ್ಕೂ ನಡುವಿನ ಆಕರ್ಷಣೆಯ ಬಲ ಮತ್ತು ಗಾತ್ರದ ನಿಯತಾಂಕಗಳು. ಕಡಿಮೆ ಒತ್ತಡದ ಮಾಹಿತಿಗೆ ಇಂಥ ಹಲವು ಜೋಡಿಗಳು ಒಗ್ಗುತ್ತವೆ. ತಿರುವು ಮಾತ್ರ ಗಾತ್ರದ ಅಲ್ಪ ವ್ಯತ್ಯಾಸಕ್ಕೂ ಸ್ಥಳ ಬದಲಿಸುತ್ತದೆ. 2004ರಲ್ಲಿ ಡಬ್ಬೆಲ್ಡಮ್ ಮತ್ತು ಸಂಗಡಿಗರು ಇದನ್ನೇ ಒರೆಗಲ್ಲಾಗಿ ಬಳಸಿ ನಿಯತಾಂಕಗಳನ್ನು ನಿಗದಿಪಡಿಸಿದರು.

ಗಾತ್ರದ ಈ ಸೂಕ್ಷ್ಮತೆ ಅಣುಗಳ ಚಲನೆಯಲ್ಲೂ ಕಾಣುತ್ತದೆ. ಅತಿಥಿ ಅಣುವಿನ ಗಾತ್ರ ಕಿಂಡಿಯ ಗಾತ್ರಕ್ಕೆ ಸಮೀಪಿಸಿದಾಗ ವಿಸರಣ ಕುಗ್ಗುವ ಬದಲು ಹೆಚ್ಚುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಯಶೋನಾಥ್ ಮತ್ತು ಸಂತಿಕರಿ 1994ರಲ್ಲಿ ಝಿಯೊಲೈಟ್ ವೈ ಮತ್ತು ಎಗಳಲ್ಲಿ ಕಂಡರು. ಎಲ್ಲ ಕಡೆಯ ಸೆಳೆತವೂ ಪರಸ್ಪರ ವಜಾ ಆಗುವುದೇ ಕಾರಣ.

ಆದರೆ ಇಂಥ ಬಹುಪಾಲು ಲೆಕ್ಕಗಳು ಚೌಕಟ್ಟು ಅಲುಗದೆಂದು ಭಾವಿಸುತ್ತವೆ. ಆಲ್ಕೇನ್‌ಗಳಿಗೆ ಇದು ನಡೆಯುತ್ತದೆ. ಪ್ಯಾರಾ-ಕ್ಸೈಲೀನ್ ಹೆಚ್ಚು ಪ್ರಮಾಣದಲ್ಲಿ ತುಂಬಿದಾಗ ಸಿಲಿಕಲೈಟ್‌ನ ಚೌಕಟ್ಟೇ ರೂಪ ಬದಲಿಸುವುದರಿಂದ, ಅಲುಗದ ಚೌಕಟ್ಟಿನ ಮೇಲೆ ಮಾಡಿದ ಲೆಕ್ಕ ಅಲ್ಲಿಗೆ ಸಲ್ಲದು.